ಲಿಂಕಿನ ಜೊತೆ ಚಿತ್ರವೂ ಬರಬೇಕೆಂದರೆ

ವಾಟ್ಸ್‌ಆ್ಯಪ್ ಗುಂಪಿಗೆ ಎರಡು ಲಿಂಕ್ ಬರುತ್ತವೆ. ಒಂದರ ಜೊತೆ ಚಿತ್ರ, ಶೀರ್ಷಿಕೆ, ಒಂದೆರಡು ಸಾಲಿನ ವಿವರ ತಾನಾಗಿ ಮೂಡಿರುತ್ತದೆ. ಇನ್ನೊಂದು ಬರೀ ಅಕ್ಷರಗಳ ಸಾಲು. ಜನ ಯಾವುದನ್ನು ಒತ್ತುತ್ತಾರೆ ಎಂದು ಬೇರೆ ಹೇಳಬೇಕಿಲ್ಲ. ಈ ವ್ಯತ್ಯಾಸಕ್ಕೆ ಕಾರಣ ಪುಟದ ಎಚ್‌ಟಿಎಂಎಲ್‌ನಲ್ಲಿ ಹೆಡ್ ಎಂಬ ಭಾಗದೊಳಗೆ ಅಡಗಿರುವ ಏಳೆಂಟು ಸಾಲುಗಳು. ವರ್ಡ್‌ಪ್ರೆಸ್ ಬಳಸುವವರಿಗೆ ಒಂದು ಪ್ಲಗಿನ್ ಹಾಕಿದರೆ ಆಯಿತು. ಜೆಕಿಲ್, ಹ್ಯೂಗೋ ಮುಂತಾದವುಗಳಿಂದಲೋ ಕೈಯಾರೆ ಬರೆದೋ ಸ್ಟ್ಯಾಟಿಕ್ ತಾಣ ಕಟ್ಟಿದವರು ಇದನ್ನು ತಾವೇ ನೋಡಿಕೊಳ್ಳಬೇಕು.

ಮೊದಲು ಸರ್ಚ್ ಎಂಜಿನ್ನಿನ ಪಾಲು. ಇಲ್ಲಿ ಹೆಚ್ಚು ತೂಕ ಟೈಟಲ್ ಟ್ಯಾಗಿಗೆ. ಪ್ರತಿ ಪುಟಕ್ಕೂ ಅದರದೇ ಟೈಟಲ್ ಇರಬೇಕು. ಎಲ್ಲ ಪುಟಕ್ಕೂ ತಾಣದ ಹೆಸರನ್ನೇ ಅಂಟಿಸಿದರೆ ಗೂಗಲ್ಲಿಗೂ ಓದುಗರಿಗೂ ಯಾವುದು ಯಾವುದೆಂದು ತಿಳಿಯುವುದಿಲ್ಲ. ಫಲಿತಾಂಶದಲ್ಲಿ ಉದ್ದದ ಟೈಟಲ್‌ನ ಬಾಲ ಕತ್ತರಿಸಿಹೋಗುತ್ತದೆ, ಆದ್ದರಿಂದ ವಿಷಯ ಮೊದಲು, ತಾಣದ ಹೆಸರು ಆಮೇಲೆ. ಡಿಸ್ಕ್ರಿಪ್ಷನ್ ಎಂಬ ಮೆಟಾ ಟ್ಯಾಗ್ ಪುಟವನ್ನು ಮೇಲಕ್ಕೇರಿಸುವುದಿಲ್ಲ; ಆದರೆ ಫಲಿತಾಂಶದ ಕೆಳಗೆ ಕಾಣುವ ವಿವರಕ್ಕೆ ಗೂಗಲ್ ಅದನ್ನು ಬಳಸಬಹುದು, ಬಳಸದೆಯೂ ಇರಬಹುದು. ಇನ್ನು ಕೀವರ್ಡ್ಸ್ ಟ್ಯಾಗ್: ರ‍್ಯಾಂಕಿಂಗಿಗೆ ಇದನ್ನು ಪರಿಗಣಿಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿಯಾಗಿದೆ. ಇಪ್ಪತ್ತು ಪದ ಪೋಣಿಸಿ ಅಲ್ಲಿ ತುಂಬಿಸುವ ಶ್ರಮ ದಂಡ.

ಸಾಮಾಜಿಕ ಜಾಲತಾಣಗಳು ಕೇಳುವುದು ಬೇರೆ ಸಾಲುಗಳನ್ನು. ಫೇಸ್‌ಬುಕ್ 2010ರಲ್ಲಿ ಓಪನ್ ಗ್ರಾಫ್ ಎಂಬ ಪದ್ಧತಿ ತಂದಿತು. ಈಗ ವಾಟ್ಸ್‌ಆ್ಯಪ್, ಟೆಲಿಗ್ರಾಂ, ಲಿಂಕ್ಡ್‌ಇನ್ ಎಲ್ಲವೂ ಅದನ್ನೇ ಓದುತ್ತವೆ. ಅದರಲ್ಲಿ ಕಡ್ಡಾಯವಾದವು ನಾಲ್ಕು: ಟೈಟಲ್, ಟೈಪ್, ಇಮೇಜ್, ಯುಆರ್‌ಎಲ್. ಜೊತೆಗೆ ಡಿಸ್ಕ್ರಿಪ್ಷನ್ ಇದ್ದರೆ ಚೆಂದ. ಪ್ರತಿಯೊಂದರ ಹೆಸರಿನ ಮುಂದೆಯೂ ಓ, ಜಿ ಎಂಬ ಎರಡಕ್ಷರ ಮತ್ತು ಒಂದು ಕೋಲನ್ ಬರುತ್ತದೆ. ಮಾಮೂಲಿ ಮೆಟಾ ಟ್ಯಾಗಿನಲ್ಲಿ ನೇಮ್ ಎಂದು ಬರೆಯುವ ಜಾಗದಲ್ಲಿ ಇಲ್ಲಿ ಪ್ರಾಪರ್ಟಿ ಎಂದು ಬರೆಯಬೇಕು. ಹಳೆಯ ಟ್ವಿಟರ್, ಅಂದರೆ ಈಗಿನ ಎಕ್ಸ್‌ಗೆ, ಅದರದೇ ಕಾರ್ಡ್ ಟ್ಯಾಗ್ ಒಂದನ್ನು ಸೇರಿಸಿ ದೊಡ್ಡ ಚಿತ್ರ ಬೇಕೆಂದು ತಿಳಿಸಿದರೆ ಸಾಕು. ಉಳಿದದ್ದನ್ನು ಅದು ಓಪನ್ ಗ್ರಾಫ್‌ನಿಂದಲೇ ತೆಗೆದುಕೊಳ್ಳುತ್ತದೆ.

ಎಡವಟ್ಟಾಗುವುದು ಹೆಚ್ಚಾಗಿ ಚಿತ್ರದಲ್ಲಿ. ಅದರ ವಿಳಾಸ ಎಚ್‌ಟಿಟಿಪಿಎಸ್‌ನಿಂದ ಶುರುವಾಗುವ ಪೂರ್ಣ ವಿಳಾಸವಾಗಿರಬೇಕು. ಫೋಲ್ಡರ್ ಹೆಸರು, ಕಡತದ ಹೆಸರು ಮಾತ್ರ ಕೊಟ್ಟರೆ ಬ್ರೌಸರಿಗೆ ಅರ್ಥವಾದೀತು, ಓಪನ್ ಗ್ರಾಫ್ ಓದುವವರು ಕೈಬಿಡಬಹುದು. ಅಳತೆ 1200 x 630 ಪಿಕ್ಸೆಲ್ ಇದ್ದರೆ ಬಹುತೇಕ ಎಲ್ಲ ಕಡೆ ಸರಿಹೊಂದುತ್ತದೆ. ಎಸ್‌ವಿಜಿ ಬೇಡ, ಜೆಪಿಜಿ ಅಥವಾ ಪಿಎನ್‌ಜಿ ಇರಲಿ. ಕ್ಯಾಮೆರಾದಿಂದ ಇಳಿಸಿದ ಐದಾರು ಎಂಬಿಯ ಚಿತ್ರವನ್ನು ಹಾಗೆಯೇ ಹಾಕಿದರೆ ಲಿಂಕಿನ ಜೊತೆ ಮೂಡುವ ವಾಟ್ಸ್‌ಆ್ಯಪ್ ಕಾರ್ಡಿನಲ್ಲಿ ಚಿತ್ರ ಬರುವುದೇ ಅನುಮಾನ; ಇನ್ನೂರು ಮುನ್ನೂರು ಕೆಬಿಗೆ ಇಳಿಸಿ. ವಾಟ್ಸ್‌ಆ್ಯಪ್‌ನ ಕಾರ್ಡ್ ತಯಾರಾಗುವುದು ಕಳಿಸುವವರ ಫೋನಿನಲ್ಲೇ. ಅದು ಮೂಡುವ ಮೊದಲೇ ಆತುರದಿಂದ ಕಳಿಸಿಬಿಟ್ಟರೆ ಬರೀ ಲಿಂಕ್ ಹೋಗುತ್ತದೆ, ತಪ್ಪು ತಾಣದ್ದಲ್ಲ.

ಕನ್ನಡ ತಾಣಗಳಿಗೆ ಇನ್ನೆರಡು ತೊಡಕುಗಳಿವೆ. ಶೀರ್ಷಿಕೆಯನ್ನು ಚಿತ್ರದ ಮೇಲೆ ತಾನಾಗಿ ಮುದ್ರಿಸುವ ಸ್ಕ್ರಿಪ್ಟುಗಳು ಇಂಗ್ಲಿಷಿಗೆ ಚೆನ್ನಾಗಿ ಕೆಲಸ ಮಾಡುತ್ತವೆ. ಕನ್ನಡ ಕೊಟ್ಟಾಗ, ಅಕ್ಷರ ಜೋಡಿಸುವ ಲೈಬ್ರರಿ ಅದರಲ್ಲಿ ಇಲ್ಲದಿದ್ದರೆ, ಒತ್ತಕ್ಷರಗಳು ಕೆಳಗಿಳಿಯದೆ ಪಕ್ಕದಲ್ಲಿ ಬಿಡಿಬಿಡಿಯಾಗಿ ನಿಲ್ಲುತ್ತವೆ. ಪ್ರಕಟಿಸುವ ಮೊದಲು ಚಿತ್ರ ತೆರೆದು ನೋಡಲೇಬೇಕು. ಎರಡನೆಯದು ಪುಟದ ವಿಳಾಸ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ವಿಳಾಸವನ್ನು ನಕಲಿಸಿ ಅಂಟಿಸಿದಾಗ ಒಂದೊಂದು ಬೈಟೂ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರವಾಗುತ್ತದೆ. ‘ಕನ್ನಡ’ ಎಂಬ ಪದದಲ್ಲಿ ಅರ್ಧಾಕ್ಷರದ ಗುರುತೂ ಸೇರಿ ಐದು ಸಂಕೇತ. ಅಷ್ಟಕ್ಕೇ 45 ಅಕ್ಷರದ ಸರಪಳಿ. ವಿಳಾಸ ಕನ್ನಡದಲ್ಲಿದ್ದರೆ ಸರ್ಚ್‌ಗೇನೂ ಅಡ್ಡಿಯಿಲ್ಲ, ಆದರೆ ಹಂಚಿಕೊಳ್ಳುವವರ ದೃಷ್ಟಿಯಿಂದ ಚಿಕ್ಕ ಇಂಗ್ಲಿಷ್ ವಿಳಾಸವೇ ಮೇಲು ಎಂಬುದು ನನ್ನ ಅಭಿಪ್ರಾಯ. ಎಚ್‌ಟಿಎಂಎಲ್ ಟ್ಯಾಗಿನಲ್ಲಿ ಭಾಷೆ ಕೆ, ಎನ್ ಎಂದು ನಮೂದಿಸಲು ಮರೆಯಬೇಡಿ. ದೃಷ್ಟಿದೋಷವುಳ್ಳವರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶ ಯಾವ ದನಿಯಲ್ಲಿ ಓದಬೇಕೆಂಬುದು ಅದರಿಂದಲೇ ಗೊತ್ತಾಗುವುದು.

ಇಷ್ಟನ್ನೂ ಪುಟಪುಟಕ್ಕೆ ಬರೆಯುತ್ತ ಕೂರಬೇಕಿಲ್ಲ. ಟೆಂಪ್ಲೇಟಿನಲ್ಲಿ ಒಮ್ಮೆ ಬರೆದು, ಪ್ರತಿ ಲೇಖನದ ಕಡತದ ತಲೆಯಲ್ಲಿ ಶೀರ್ಷಿಕೆ, ವಿವರ, ಚಿತ್ರ ಕೊಟ್ಟರೆ ಸಾಕು. ಜೆಕಿಲ್‌ಗೆ ಎಸ್‌ಇಒ ಟ್ಯಾಗ್ ಎಂಬ ಪ್ಲಗಿನ್ ಇದೆ, ಗಿಟ್‌ಹಬ್ ಪೇಜಸ್‌ನಲ್ಲೂ ಅದು ನಡೆಯುತ್ತದೆ. ಹ್ಯೂಗೋದಲ್ಲಿ ಓಪನ್ ಗ್ರಾಫ್ ಟೆಂಪ್ಲೇಟು ಒಳಗೇ ಇದೆ. ಒಂದೇ ಪುಟ ಎರಡು ವಿಳಾಸದಲ್ಲಿ ಸಿಗುತ್ತಿದ್ದರೆ ಯಾವುದು ಅಸಲಿ ಎಂದು ಹೇಳುವ ಕೆನಾನಿಕಲ್ ಲಿಂಕನ್ನೂ ಜೆಕಿಲ್‌ನ ಈ ಪ್ಲಗಿನ್ ಹಾಕಿಕೊಡುತ್ತದೆ. ಆದರೆ ಎಚ್ಚರ: ಜೆಕಿಲ್‌ನ ಸರ್ವ್ ಆದೇಶದಿಂದ ನಿಮ್ಮ ಕಂಪ್ಯೂಟರಿನಲ್ಲಿ ತಾಣ ನೋಡಿ, ಅದೇ ಫೋಲ್ಡರನ್ನು ಸರ್ವರಿಗೆ ಏರಿಸಿದರೆ ಎಲ್ಲ ಕೆನಾನಿಕಲ್ ಲಿಂಕುಗಳೂ ಲೋಕಲ್‌ಹೋಸ್ಟ್ ಕಡೆಗೆ ಕೈತೋರಿಸುತ್ತಿರುತ್ತವೆ. ಏರಿಸುವ ಮುನ್ನ ಬಿಲ್ಡ್ ಆದೇಶ ಕೊಡಿ, ಅದೂ ಪ್ರೊಡಕ್ಷನ್ ಎಂದು ನಮೂದಿಸಿ.

ಸ್ಟ್ಯಾಟಿಕ್ ತಾಣಕ್ಕೆ ಇಲ್ಲೊಂದು ಅನುಕೂಲವೂ ಇದೆ. ಗೂಗಲ್ ಜಾವಾಸ್ಕ್ರಿಪ್ಟ್ ಓಡಿಸಿ ಪುಟವನ್ನು ನೋಡಬಲ್ಲದು. ಫೇಸ್‌ಬುಕ್, ವಾಟ್ಸ್‌ಆ್ಯಪ್ ಆ ಗೋಜಿಗೆ ಹೋಗುವುದಿಲ್ಲ, ಸರ್ವರಿನಿಂದ ಬಂದ ಎಚ್‌ಟಿಎಂಎಲ್ ಓದಿ ಮುಗಿಸುತ್ತವೆ. ಸ್ಟ್ಯಾಟಿಕ್ ಪುಟದಲ್ಲಿ ಎಲ್ಲವೂ ಅಲ್ಲೇ ಸಿದ್ಧವಾಗಿರುತ್ತದೆ.

ಟ್ಯಾಗ್ ತಿದ್ದಿದ ಮೇಲೂ ಹಳೆಯ ಚಿತ್ರವೇ ಬರುತ್ತಿದ್ದರೆ ಗಾಬರಿ ಬೇಡ, ಅದು ಕ್ಯಾಶೆಯ, ಅಂದರೆ ಹಿಂದೆ ಓದಿ ಉಳಿಸಿಕೊಂಡ ಪ್ರತಿಯ, ಕೆಲಸ. ಫೇಸ್‌ಬುಕ್‌ನ ಶೇರಿಂಗ್ ಡೀಬಗ್ಗರ್, ಲಿಂಕ್ಡ್‌ಇನ್‌ನ ಪೋಸ್ಟ್ ಇನ್‌ಸ್ಪೆಕ್ಟರ್‌ನಲ್ಲಿ ವಿಳಾಸ ಹಾಕಿ ಹೊಸದಾಗಿ ಓದಿಸಬಹುದು. ವಾಟ್ಸ್‌ಆ್ಯಪ್‌ನಲ್ಲಿ ಈಗಾಗಲೇ ಕಳಿಸಿದ ಸಂದೇಶದ ಕಾರ್ಡ್ ಮಾತ್ರ ಬದಲಾಗದು, ಲಿಂಕನ್ನು ಇನ್ನೊಮ್ಮೆ ಕಳಿಸಬೇಕು.