ಮೇದೋಜೀರಕ ನಾಳದ ಸಂಕೋಚವೂ ಅದರ ಚಿಕಿತ್ಸೆಯೂ

ಜಠರದ ಹಿಂದೆ ಅಡ್ಡಲಾಗಿರುವ ಮೇದೋಜೀರಕ ಗ್ರಂಥಿಯ ಪಾಚಕರಸವು ಒಂದು ನಾಳದ ಮೂಲಕ ಸಣ್ಣ ಕರುಳಿನ ಮೊದಲ ಭಾಗವನ್ನು ಸೇರುವುದು. ಮಾನವದೇಹದಲ್ಲಿ ಈ ನಾಳವನ್ನು 1642ರಲ್ಲಿ ಇಟಲಿಯ ಪಾದುವಾ ನಗರದಲ್ಲಿ ವಿರ್ಸುಂಗ್ ಎಂಬ ವೈದ್ಯನು ಕಂಡು ವಿವರಿಸಿದನು. ಗ್ರಂಥಿಯ ಉರಿಯೂತವು ಬಹುಕಾಲ ನಿಂತರೆ ನಾಳವು ನಾರುಗಟ್ಟಿ ಕಿರಿದಾಗುತ್ತದೆ. ಹಿಂದೆ ತಡೆದು ನಿಂತ ರಸದ ಒತ್ತಡವು ರೋಗಿಯ ತೀವ್ರವಾದ ನೋವಿಗೆ ಒಂದು ಕಾರಣ.

ಈ ಒತ್ತಡವನ್ನು ಹೊಟ್ಟೆಯನ್ನು ಕೊಯ್ಯದೆಯೇ ಇಳಿಸುವ ಕ್ರಮವೊಂದುಂಟು. ಬಾಯಿಯ ಮೂಲಕ ಎಂಡೊಸ್ಕೋಪನ್ನು ಕರುಳಿಗಿಳಿಸಿ, ನಾಳದ ದ್ವಾರವನ್ನು ಸ್ವಲ್ಪ ಸೀಳಿ, ಇಕ್ಕಟ್ಟಿನಾಚೆಗೆ ತೆಳುತಂತಿಯೊಂದನ್ನು ದಾಟಿಸುವರು. ಆ ತಂತಿಯ ಮೇಲೆ ಸ್ಟೆಂಟ್ ಎಂಬ ಪ್ಲಾಸ್ಟಿಕ್ ನಳಿಗೆಯನ್ನು ಜಾರಿಸಿ ನಾಳದಲ್ಲಿ ನಿಲ್ಲಿಸುವರು. ಅದರ ವ್ಯಾಸವು ಸಾಮಾನ್ಯವಾಗಿ 3 ಮಿಲಿಮೀಟರಿಗಿಂತ ತುಸು ಹೆಚ್ಚು. ನಳಿಗೆಯೂ ಕಾಲಕ್ರಮದಲ್ಲಿ ಕಟ್ಟಿಕೊಳ್ಳುವುದರಿಂದ, ಅಗತ್ಯವಾದಾಗ ಬದಲಿಸುತ್ತ ಅದನ್ನು ಸುಮಾರು ಒಂದು ವರ್ಷ ಇರಿಸಬೇಕಾಗುವುದು.

ಈ ಕ್ರಮವು ಶಸ್ತ್ರಕ್ರಿಯೆಗೆ ಸಮನೇ ಎಂಬುದೇ ಮುಖ್ಯವಾದ ಪ್ರಶ್ನೆ. ನೆದರ್ಲೆಂಡ್ಸಿನಲ್ಲಿ 39 ಮಂದಿ ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಶಸ್ತ್ರಕ್ರಿಯೆ ಹೊಂದಿದವರಲ್ಲಿ ನೂರಕ್ಕೆ 75 ಮಂದಿಗೂ, ಎಂಡೊಸ್ಕೋಪಿನ ಚಿಕಿತ್ಸೆ ಹೊಂದಿದವರಲ್ಲಿ ನೂರಕ್ಕೆ 32 ಮಂದಿಗೂ ನೋವು ಪೂರ್ಣವಾಗಿಯೋ ಭಾಗಶಃವೋ ಶಮನವಾಯಿತು. ಅದೇ ದೇಶದಲ್ಲಿ 88 ಮಂದಿಯ ಮೇಲೆ ನಡೆದ 2020ರ ಪರೀಕ್ಷೆಯೂ ಬೇಗನೆ ಮಾಡಿದ ಶಸ್ತ್ರಕ್ರಿಯೆಯಿಂದ ನೋವು ಹೆಚ್ಚು ತಗ್ಗಿತೆಂದು ತೋರಿಸಿತು.

ಹೀಗಿದ್ದರೂ ಶಸ್ತ್ರಕ್ರಿಯೆಯನ್ನು ಒಲ್ಲದವರಿಗೂ ತಾಳಲಾರದವರಿಗೂ ನಳಿಗೆಯು ಉಪಕಾರಿಯೇ. ಆದರೆ ಕೆಲವು ವಾರಗಳಲ್ಲಿ ಅದರ ಫಲವನ್ನು ವಿಚಾರಿಸತಕ್ಕದ್ದು. ನೋವು ಇಳಿಯದಿದ್ದಲ್ಲಿ ನಳಿಗೆಯನ್ನೇ ಬದಲಿಸುತ್ತ ಕಾಲಹರಣ ಮಾಡದೆ ಶಸ್ತ್ರವೈದ್ಯರೊಡನೆ ಸಮಾಲೋಚಿಸುವುದು ಯುಕ್ತ.