ಎಳೆಯುವ ಬಲವೂ ಹೊರುವ ಮಿತಿಯೂ

ಅಮೆರಿಕದ ಮಾರುಕಟ್ಟೆಯಲ್ಲಿ ಮಧ್ಯಮ ಗಾತ್ರದ ಎಸ್‌ಯುವಿಗಳೆಂದು ಕರೆಸಿಕೊಳ್ಳುವ ಟೊಯೋಟಾ ಹೈಲ್ಯಾಂಡರ್, ಹೋಂಡಾ ಪೈಲಟ್, ಕಿಯಾ ಟೆಲ್ಯುರೈಡ್‌ಗಳಂಥ ವಾಹನಗಳ ಹಲವು ಮಾದರಿಗಳಿಗೆ 5,000 ಪೌಂಡ್, ಅಂದರೆ ಸುಮಾರು 2,270 ಕೆ.ಜಿ. ಭಾರವನ್ನು ಹಿಂದೆ ಕಟ್ಟಿಕೊಂಡು ಎಳೆಯುವ ಸಾಮರ್ಥ್ಯವಿದೆಯೆಂದು ತಯಾರಕರು ಘೋಷಿಸುತ್ತಾರೆ. ಹಾಸಿಗೆ, ಪುಟ್ಟ ಅಡುಗೆಮನೆ, ನೀರಿನ ಟ್ಯಾಂಕುಗಳನ್ನು ಚಕ್ರಗಳ ಮೇಲೆ ಕೂರಿಸಿದ, ಸ್ವಂತ ಎಂಜಿನ್ ಇಲ್ಲದ ಕ್ಯಾಂಪರ್ ಟ್ರೇಲರನ್ನು ಕೊಳ್ಳಲೋ ಬಾಡಿಗೆಗೆ ಹಿಡಿಯಲೋ ಹೊರಟವರು ಈ ಒಂದು ಅಂಕಿಯನ್ನೇ ನಂಬಿ, 1,800 ಕೆ.ಜಿ.ಯ ಟ್ರೇಲರ್ ಸಲೀಸಾಗಿ ಹಿಂದೆ ಬಂದೀತೆಂದು ತೀರ್ಮಾನಿಸುವುದುಂಟು. ಆದರೆ ಬಹುತೇಕ ಕುಟುಂಬಗಳಿಗೆ ಮೊದಲು ಅಡ್ಡಬರುವುದು ವಾಹನದ ಹೊರುವ ಮಿತಿ. ಎಳೆಯುವ ಮಿತಿಯ ಮಾತು ಆಮೇಲಿನದು.

ಹಾಗೆಂದು ಆ ಅಂಕಿ ಹುಸಿಯೇನಲ್ಲ. ಒಂದು ಕಾಲಕ್ಕೆ ಒಬ್ಬೊಬ್ಬ ತಯಾರಕರು ಒಂದೊಂದು ಬಗೆಯಲ್ಲಿ ಹೇಳುತ್ತಿದ್ದ ಈ ಲೆಕ್ಕಕ್ಕೆ, ವಾಹನ ಎಂಜಿನಿಯರುಗಳ ಸಂಸ್ಥೆಯಾದ ಎಸ್‌ಎಇ 2008ರಲ್ಲಿ ಜೆ2807 ಎಂಬ ಸಮಾನ ಮಾನದಂಡವನ್ನು ರೂಪಿಸಿತು. ಅದರ ಪರೀಕ್ಷೆಗಳಲ್ಲಿ ಹೆಸರುವಾಸಿಯಾದದ್ದು ಅರಿಜೋನಾದ ಡೇವಿಸ್ ಡ್ಯಾಮ್ ಏರಿನದು: ಸುಮಾರು 18 ಕಿ.ಮೀ. ದೂರದಲ್ಲಿ ಸುಮಾರು 900 ಮೀಟರ್ ಎತ್ತರಕ್ಕೆ ಹತ್ತುವ ಆ ಹೆದ್ದಾರಿಯನ್ನು ಕನಿಷ್ಠ 38 ಡಿಗ್ರಿ ಸೆಲ್ಸಿಯಸ್ ಬಿಸಿಲಿನಲ್ಲಿ, ಎ.ಸಿ.ಯನ್ನು ಪೂರ್ಣ ಪ್ರಮಾಣದಲ್ಲಿ ಓಡಿಸುತ್ತ, ಗಂಟೆಗೆ 64 ಕಿ.ಮೀ.ಗಿಂತ ವೇಗ ತಗ್ಗದಂತೆ ಏರಬೇಕಾಗುತ್ತದೆ. ಪರೀಕ್ಷೆ ಕಠಿಣವೇ ಸರಿ. ಆದರೆ ಅದರಲ್ಲಿ ವಾಹನದೊಳಗೆ ಕೂತಿರುವುದಾಗಿ ಎಣಿಸುವುದು ತಲಾ 68 ಕೆ.ಜಿ. ತೂಗುವ ಇಬ್ಬರನ್ನು ಮಾತ್ರ. ಹಿಂದಿನ ಸೀಟಿನ ಮಕ್ಕಳೂ ಡಿಕ್ಕಿ ತುಂಬಿದ ಸಾಮಾನೂ ಆ ಲೆಕ್ಕಕ್ಕೆ ಬರುವುದಿಲ್ಲ.

ಟ್ರೇಲರಿನ ತೂಕವೆಲ್ಲ ಅದರ ಚಕ್ರಗಳ ಮೇಲೆಯೇ ನಿಲ್ಲುವುದಿಲ್ಲವೆಂಬುದು ಇಲ್ಲಿ ಮುಖ್ಯವಾಗುತ್ತದೆ. ಅದರ ಮುಂಚಾಚು ಎಸ್‌ಯುವಿಯ ಹಿಂಬದಿಯಲ್ಲಿರುವ ಉಕ್ಕಿನ ಬಾಲ್ ಮೇಲೆ ಕೂರುತ್ತದೆ, ಮತ್ತು ಅಲ್ಲಿ ಕೆಳಮುಖವಾಗಿ ಬೀಳುವ ಭಾರ, ಅಂದರೆ ‘ಟಂಗ್ ವೇಟ್’, ಟ್ರೇಲರಿನ ಒಟ್ಟು ತೂಕದ ಶೇ. 10ರಿಂದ 15ರಷ್ಟು ಇರಬೇಕೆಂಬುದು ಅಮೆರಿಕದ ರೂಢಿ. ಈ ಭಾರವನ್ನು ಹೊರುವುದು ಎಸ್‌ಯುವಿಯೇ ಆದ್ದರಿಂದ ಅದನ್ನು ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯ ಲೆಕ್ಕಕ್ಕೆ ಸೇರಿಸಬೇಕು. ಒಳಗಿನ ಜನ ಮತ್ತು ಸರಕು ಸೇರಿ ಇಷ್ಟು ತೂಕವನ್ನು ಎಂದಿಗೂ ಮೀರಬಾರದೆಂದು ಹೇಳುವ ಚೀಟಿ ಅದು. ಚೀಟಿಯಲ್ಲಿ 600 ಕೆ.ಜಿ. ಎಂದಿದೆಯೆಂದು ಇಟ್ಟುಕೊಂಡರೆ, ನಾಲ್ವರ ತೂಕ 280, ಸಾಮಾನು 100, ಹಿಚ್ಚಿನ (ಟ್ರೇಲರ್ ಕಟ್ಟುವ ಕೊಂಡಿಯ) ಸಲಕರಣೆ 40 ಎಂದು ಹಿಡಿದು, 1,800 ಕೆ.ಜಿ. ಟ್ರೇಲರಿನ ಶೇ. 13ರಷ್ಟು, ಅಂದರೆ 234 ಕೆ.ಜಿ.ಯನ್ನು ಕೂಡಿಸಿದಾಗ ಮೊತ್ತ 654ಕ್ಕೆ ಮುಟ್ಟುತ್ತದೆ. ಎಳೆಯುವ ಮಿತಿಗೆ ಇನ್ನೂ 470 ಕೆ.ಜಿ. ಬಾಕಿಯಿರುವಾಗಲೇ ಹೊರುವ ಮಿತಿ ಮೀರಿರುತ್ತದೆ.

ಟ್ರೇಲರಿನ ತೂಕವೆಂದು ಮಾರಾಟಗಾರರು ಹೇಳುವುದು ಸಾಮಾನ್ಯವಾಗಿ ಖಾಲಿ ಗಾಡಿಯ ತೂಕವೆಂಬುದನ್ನೂ ಮರೆಯುವಂತಿಲ್ಲ. ನೂರು ಲೀಟರ್ ನೀರೆಂದರೆ ನೂರು ಕೆ.ಜಿ.; ಅದರ ಮೇಲೆ ಗ್ಯಾಸ್ ಸಿಲಿಂಡರು, ಬ್ಯಾಟರಿ, ಪಾತ್ರೆಪಡಗ, ಹೊದಿಕೆಗಳು ಬೇರೆ. ನಾಲ್ಕು ದಿನದ ಪ್ರವಾಸಕ್ಕೂ ಅಕ್ಕಿ, ಬೇಳೆ, ಕುಕ್ಕರು, ಹುಳಿಪುಡಿಯ ಡಬ್ಬಿ ಕಟ್ಟಿಕೊಳ್ಳದೆ ಹೊಸಿಲು ದಾಟದ ಅಲ್ಲಿನ ಕನ್ನಡದ ಮನೆಗಳವರಂತೂ ಈ ಲೆಕ್ಕದಲ್ಲಿ ಧಾರಾಳವಾಗಿರುವುದೇ ಲೇಸು.

ಟಂಗ್ ವೇಟನ್ನು ಕಡಿಮೆ ಮಾಡಲು ಸಾಮಾನನ್ನೆಲ್ಲ ಟ್ರೇಲರಿನ ಹಿಂಭಾಗಕ್ಕೆ ತಳ್ಳುವ ಉಪಾಯ ಯಾರಿಗಾದರೂ ಹೊಳೆಯುವಂಥದೇ, ಆದರೆ ಅತ್ಯಂತ ಅಪಾಯಕಾರಿಯೂ ಅದೇ. ಎತ್ತಿನಗಾಡಿಗೆ ಹಿಂಭಾರವಾದರೆ ಮೂಕಿ ಮೇಲೇಳುವ ಹಾಗೆ ಇಲ್ಲಿಯೂ ಮುಂಚಾಚು ಹಗುರಾಗುತ್ತದೆ. ಗಾಡಿಯವನ ಬಳಿ ಇಲ್ಲದ ವೇಗವೊಂದು ಇಲ್ಲಿ ಸೇರಿಕೊಂಡು ಅನಾಹುತ ಹೆಚ್ಚುತ್ತದೆ. ಪಕ್ಕದಲ್ಲಿ ಹಾದುಹೋದ ಲಾರಿಯ ಗಾಳಿಗೋ ರಸ್ತೆಯ ತಗ್ಗಿಗೋ ಟ್ರೇಲರ್ ಎಡಬಲಕ್ಕೆ ಓಲಾಡತೊಡಗಿದಾಗ, ಸರಿಯಾಗಿ ಭಾರ ಹೇರಿದ ಗಾಡಿಯಲ್ಲಿ ಆ ಓಲಾಟ ಎರಡು ಮೂರು ಸುತ್ತಿಗೆ ತಾನಾಗಿ ಅಡಗುತ್ತದೆ. ಹಿಂಭಾರದ ಗಾಡಿಯಲ್ಲಾದರೋ ಒಂದು ವೇಗವನ್ನು ದಾಟಿದ ಮೇಲೆ ಅದು ಸುತ್ತಿನಿಂದ ಸುತ್ತಿಗೆ ಬೆಳೆಯುತ್ತ, ಕೊನೆಗೆ ಎಸ್‌ಯುವಿಯ ಹಿಂಬದಿಯನ್ನೇ ಪಕ್ಕಕ್ಕೆ ಎಳೆದುಬಿಡಬಹುದು. ಆಗ ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ಕೈಯಿಂದ ಟ್ರೇಲರಿನ ಬ್ರೇಕನ್ನಷ್ಟೇ ಒತ್ತುವುದು ಸರಿಯಾದ ಕ್ರಮವೆಂದು ಬಲ್ಲವರು ಹೇಳುತ್ತಾರೆ. ಗಾಬರಿಯಲ್ಲಿ ಎಸ್‌ಯುವಿಯ ಬ್ರೇಕನ್ನು ತುಳಿದರೆ ಹಿಂದಿನ ಭಾರ ಮುಂದಕ್ಕೆ ನುಗ್ಗಿ ಓಲಾಟ ಹೆಚ್ಚುತ್ತದೆ.

ಟ್ರೇಲರಿಗೆ ಪ್ರತ್ಯೇಕವಾದ ವಿದ್ಯುತ್ ಬ್ರೇಕು ಇರುವುದೂ ಅದನ್ನು ನಿಯಂತ್ರಿಸುವ ಸಣ್ಣ ಪೆಟ್ಟಿಗೆ ಚಾಲಕನ ಮೊಣಕಾಲ ಬಳಿ ಕೂರುವುದೂ ಇದಕ್ಕಾಗಿಯೇ. ಕೊಂಡಿ ಕಳಚಿಹೋದರೆ ತಂತಿಯೊಂದು ಪಿನ್ನನ್ನು ಎಳೆದು, ಟ್ರೇಲರಿನದೇ ಬ್ಯಾಟರಿಯಿಂದ ಬ್ರೇಕು ಹಿಡಿಯುವ ಏರ್ಪಾಡೂ ಇರುತ್ತದೆ. ಇನ್ನು ಹಿಂಬದಿ ಕುಸಿದು ಮುಂಚಕ್ರಗಳ ಹಿಡಿತ ಸಡಿಲವಾಗದಂತೆ, ಸ್ಪ್ರಿಂಗ್ ಸಲಾಕೆಗಳ ಸನ್ನೆಬಲದಿಂದ ಭಾರವನ್ನು ಮುಂದಿನ ಆ್ಯಕ್ಸಲ್‌ಗೂ ಟ್ರೇಲರಿನ ಆ್ಯಕ್ಸಲ್‌ಗೂ ಹಂಚುವ ಹಿಚ್ಚುಗಳಿವೆ. ಇವು ಚೀಟಿಯ ಮಿತಿಯನ್ನು ಹೆಚ್ಚಿಸುವುದಿಲ್ಲ, ಮತ್ತು ಕೆಲವು ತಯಾರಕರು ಇವನ್ನು ಬಳಸಬಾರದೆಂದೇ ಹೇಳುವುದರಿಂದ ವಾಹನದ ಕೈಪಿಡಿಯನ್ನು ಓದಿಯೇ ಕೊಳ್ಳಬೇಕು. ವೇಗದ ವಿಚಾರದಲ್ಲಿ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ; ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿ.ಮೀ. ಗರಿಷ್ಠ.

ಊಹೆಯ ಲೆಕ್ಕವನ್ನು ನಿಜದ ಲೆಕ್ಕವಾಗಿಸಲು ಅಮೆರಿಕದ ಹೆದ್ದಾರಿಗಳ ಲಾರಿ ತಂಗುದಾಣಗಳಲ್ಲಿರುವ ತೂಕದ ಕಟ್ಟೆಗಳು ಒದಗುತ್ತವೆ. ಎಸ್‌ಯುವಿಯ ಮುಂದಿನ ಆ್ಯಕ್ಸಲ್, ಹಿಂದಿನ ಆ್ಯಕ್ಸಲ್, ಟ್ರೇಲರಿನ ಚಕ್ರಗಳು ಬೇರೆಬೇರೆ ಕಟ್ಟೆಯ ಮೇಲೆ ನಿಲ್ಲುವಂತೆ ಒಮ್ಮೆ ತೂಗಿ, ಬಳಿಕ ಟ್ರೇಲರನ್ನು ಕಳಚಿ ಎಸ್‌ಯುವಿಯನ್ನಷ್ಟೇ ಇನ್ನೊಮ್ಮೆ ತೂಗಬೇಕು. ಸ್ಪ್ರಿಂಗ್ ಸಲಾಕೆಗಳನ್ನು ಬಿಗಿಯದಿದ್ದಲ್ಲಿ, ಎಸ್‌ಯುವಿಯ ಎರಡು ತೂಕಗಳ ನಡುವಿನ ವ್ಯತ್ಯಾಸವೇ ಟಂಗ್ ವೇಟ್. ಅದು ಹತ್ತು ಶೇಕಡಾಕ್ಕಿಂತ ಕೆಳಗಿದ್ದು, ನೀರಿನ ಟ್ಯಾಂಕು ಟ್ರೇಲರಿನ ಆ್ಯಕ್ಸಲ್‌ನ ಹಿಂದಿದ್ದರೆ, ಅದನ್ನು ಖಾಲಿ ಮಾಡಿ ಹೊರಡುವುದು ಅಲ್ಲಿಯೇ ಆಗಬಹುದಾದ ಸುಲಭದ ತಿದ್ದುಪಡಿ. ಟ್ಯಾಂಕು ಮುಂದಿದ್ದರೆ ಅದೇ ಕೆಲಸದಿಂದ ಮುಂಚಾಚು ಇನ್ನಷ್ಟು ಹಗುರಾಗುವುದರಿಂದ, ಹಿಂಭಾಗದ ಸಾಮಾನನ್ನೇ ಮುಂದಕ್ಕೆ ಸರಿಸಿ ಮತ್ತೆ ತೂಗಬೇಕಾಗುತ್ತದೆ.