ಭೂಗರ್ಭಶಾಸ್ತ್ರದ ವ್ಯಾಸಂಗವೂ ಜೀವನೋಪಾಯವೂ

ನಮ್ಮ ನೆರೆಮನೆಯ ಗೃಹಸ್ಥರು ಕೋಲಾರದ ಕಡೆಯವರು. ಊರಿನಲ್ಲಿ ಪಿತ್ರಾರ್ಜಿತವಾದ ನಾಲ್ಕು ಎಕರೆ ಜಮೀನುಂಟು. ಅದರಲ್ಲಿ ಒಂದಾದ ಮೇಲೊಂದರಂತೆ ಮೂರು ಕೊಳವೆ ಬಾವಿಗಳನ್ನು ಕೊರೆಯಿಸಿ, ಮೂರರಲ್ಲಿಯೂ ಕಲ್ಲುಪುಡಿಯನ್ನಲ್ಲದೆ ಬೇರೇನನ್ನೂ ಕಾಣದೆ, ಸಾಲವನ್ನು ಮಾತ್ರ ಉಳಿಸಿಕೊಂಡಿರುವರು. ಸ್ಥಳ ತೋರಿಸಿಕೊಟ್ಟವನು ಅಂಗೈಯ ಮೇಲೆ ತೆಂಗಿನಕಾಯಿಯನ್ನಿಟ್ಟುಕೊಂಡು ಹೊಲವನ್ನೆಲ್ಲ ಸುತ್ತಿದವನು. ಕಾಯಿ ಎದ್ದು ನಿಂತಲ್ಲಿ ನೀರುಂಟೆಂಬುದು ಅವನ ಶಾಸ್ತ್ರ. ಇಂತಹ ಮನೆಯ ಹುಡುಗಿ ಈ ವರ್ಷ ಪಿ.ಯು.ಸಿ. ಪರೀಕ್ಷೆಯನ್ನು ವಿಜ್ಞಾನ ವಿಷಯಗಳಲ್ಲಿ ಮುಗಿಸಿ, ತಾನು ಇಂಜಿನಿಯರಿಂಗಿಗೂ ಹೋಗುವುದಿಲ್ಲ, ವೈದ್ಯಕ್ಕೂ ಹೋಗುವುದಿಲ್ಲ, ಭೂಗರ್ಭಶಾಸ್ತ್ರವನ್ನೇ ಓದುವೆನೆಂದು ಹಟ ಹಿಡಿದಿರುವಳು. ತಂದೆ ಒಂದು ಸಂಜೆ ನಮ್ಮ ಜಗಲಿಯಲ್ಲಿ ಕುಳಿತು, “ಏನು ಸ್ವಾಮಿ, ಮಗಳನ್ನು ಕಲ್ಲು ಒಡೆಯುವುದಕ್ಕೆ ಕಳುಹಿಸಬೇಕೆ? ಓದಿ ಮುಗಿಸಿದ ಮೇಲೆ ಅನ್ನಕ್ಕೇನು ದಾರಿ?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಇತರ ಮನೆಗಳಲ್ಲಿಯೂ ಇದೇ ಮಾತು ನಡೆಯುತ್ತಿರಬಹುದಾದುದರಿಂದ, ಅವರಿಗೆ ಹೇಳಿದುದನ್ನು ವಾಚಕರ ಮುಂದೆಯೂ ಇಡುವೆವು.

ಬೆಂಗಳೂರಿಗೆ ಬಂದವರು ಲಾಲ್‌ಬಾಗನ್ನು ನೋಡದೆ ಹೋಗುವುದು ವಿರಳ. ಅಲ್ಲಿ ಕೆಂಪೇಗೌಡರ ಗೋಪುರವಿರುವ ಬಂಡೆಯ ಮೇಲೆ ಕುಳಿತು ಕಡಲೆಕಾಯಿ ತಿಂದವರು ಎಷ್ಟೋ ಮಂದಿ. ಆ ಬಂಡೆಯ ವಯಸ್ಸು ಸುಮಾರು ೩೦೦ ಕೋಟಿ ವರ್ಷವೆಂದು ಎಷ್ಟು ಮಂದಿ ಅರಿತಿರುವರು? ಅದು ನೈಸ್ ಎಂಬ ಜಾತಿಯ ಶಿಲೆ. ಅದರ ಮೈಮೇಲಿನ ಕಪ್ಪು ಬಿಳುಪಿನ ಪಟ್ಟೆಗಳು ಬಳುಕಿ ಮಡಿಚಿಕೊಂಡಿರುವುದನ್ನು ಸೂಕ್ಷ್ಮವಾಗಿ ನೋಡಿದರೆ, ಒಂದು ಕಾಲದಲ್ಲಿ ಈ ಕಲ್ಲು ಭೂಮಿಯ ಆಳದಲ್ಲಿ ತಾಪಕ್ಕೂ ಒತ್ತಡಕ್ಕೂ ಸಿಕ್ಕಿ ಕಣಕದ ಹಿಟ್ಟಿನಂತೆ ಮೆತ್ತಗಾಗಿದ್ದುದು ಗೊತ್ತಾಗುವುದು. ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸರಕಾರವು ರಕ್ಷಿಸಿದೆ. ಇಂತಹ ಗುರುತುಗಳನ್ನು ಓದಿ, ನೆಲವು ಹೇಗಾಯಿತು, ಅದರೊಳಗೆ ಏನಿದೆ, ಮುಂದೆ ಏನಾದೀತು ಎಂದು ಹೇಳುವುದೇ ಭೂಗರ್ಭಶಾಸ್ತ್ರ. ಈಚೆಗೆ ಭೂವಿಜ್ಞಾನವೆಂಬ ಹೆಸರೇ ರೂಢಿಯಾಗಿದೆ.

ಈ ವಿದ್ಯೆಯು ಕೊಠಡಿಯಲ್ಲಿ ಕುಳಿತು ಬರತಕ್ಕದ್ದಲ್ಲ. ವಿದ್ಯಾರ್ಥಿಯು ಖನಿಜಗಳ ಬಣ್ಣ, ಕಾಠಿಣ್ಯ, ಒಡೆಯುವ ಬಗೆ ಇವುಗಳನ್ನು ಕೈಯಲ್ಲಿ ಹಿಡಿದು ಕಲಿಯಬೇಕು. ಕಲ್ಲನ್ನು ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಪಾಲಿನಷ್ಟು ತೆಳುವಾಗಿ ಅರೆದು, ಬೆಳಕು ಹಾಯುವಂತೆ ಮಾಡಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಬೇಕು. ರಸ್ತೆಯ ಬದಿಯ ಮಂಕು ಕಲ್ಲೊಂದು ಆ ಯಂತ್ರದ ಕೆಳಗೆ ನವಿಲಿನ ಗರಿಯಂತೆ ಬಣ್ಣ ತೋರುವುದನ್ನು ಒಮ್ಮೆ ಕಂಡವರು ಮರೆಯಲಾರರು. ಆ ಮೇಲೆ ಸುತ್ತಿಗೆ, ದಿಕ್ಸೂಚಿ, ಭೂತಗನ್ನಡಿ, ನಕಾಶೆ ಇವುಗಳೊಡನೆ ಬಿಸಿಲಿನಲ್ಲಿ ತಿರುಗಬೇಕು. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಪೇರಿಸಿಟ್ಟಂತೆ ಕಾಣುವ ಶಿಲೆಗಳಿವೆ. ಲಾವಾರಸವು ನೀರಿನೊಳಗೆ ಉಕ್ಕಿ ಥಟ್ಟನೆ ತಣಿದಾಗ ಮಾತ್ರ ಕಲ್ಲಿಗೆ ಈ ಆಕಾರ ಬರುವುದು. ಮಳೆಯೇ ಅಪರೂಪವಾದ ಆ ಬಯಲುಸೀಮೆಯಲ್ಲಿ ನಿಂತು, ತಮ್ಮ ಕಾಲ ಕೆಳಗಿರುವುದು ಹಿಂದಿನ ಜಲರಾಶಿಯೊಂದರ ತಳವೆಂದು ತಿಳಿಯುವುದು ವಿದ್ಯಾರ್ಥಿಗಳಿಗೆ ಸಾಮಾನ್ಯ ಅನುಭವವೇನಲ್ಲ.

ಇನ್ನು ಎಲ್ಲಿ ಓದುವುದು? ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನು ತೆಗೆದುಕೊಂಡವರು ಬಿ.ಎಸ್‌ಸಿ.ಯಲ್ಲಿ ಇದನ್ನು ಇತರ ವಿಷಯಗಳೊಡನೆ ಸೇರಿಸಿಕೊಳ್ಳಬಹುದು; ಎಲ್ಲ ಕಾಲೇಜುಗಳಲ್ಲಿಯೂ ಇಲ್ಲವಾದುದರಿಂದ ಮೊದಲೇ ವಿಚಾರಿಸತಕ್ಕದ್ದು. ಎಂ.ಎಸ್‌ಸಿ. ತರಗತಿಗಳು ಮೈಸೂರು, ಧಾರವಾಡ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯ ಮೊದಲಾದ ಕಡೆ ಇವೆ; ಮಂಗಳೂರಿನಲ್ಲಿ ಸಮುದ್ರಕ್ಕೆ ಸಂಬಂಧಿಸಿದ ಶಾಖೆಯೇ ಉಂಟು. ಜ್ಯಾಮ್ ಎಂಬ ಪ್ರವೇಶ ಪರೀಕ್ಷೆಯನ್ನು ಗೆದ್ದವರಿಗೆ ಮುಂಬಯಿ, ಖರಗ್‌ಪುರ, ರೂರ್ಕಿ, ಧನಬಾದುಗಳ ಐ.ಐ.ಟಿ.ಗಳ ಬಾಗಿಲು ತೆರೆಯುವುದು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಬಿ.ಎಸ್‌ಸಿ.ಗೇ ನಿಲ್ಲಿಸುವುದಾದರೆ ಈ ದಾರಿಯನ್ನು ಹಿಡಿಯದಿರುವುದೇ ಲೇಸು. ಒಳ್ಳೆಯ ಹುದ್ದೆಗಳೆಲ್ಲಕ್ಕೂ ಎಂ.ಎಸ್‌ಸಿ.ಯೇ ಮೆಟ್ಟಿಲು. ಮಕ್ಕಳನ್ನು ಐದು ವರ್ಷ ಓದಿಸುವ ಅನುಕೂಲವೂ ತಾಳ್ಮೆಯೂ ಮನೆಯಲ್ಲಿ ಉಂಟೇ ಎಂಬುದನ್ನು ತಂದೆತಾಯಿಗಳು ಮೊದಲು ಲೆಕ್ಕ ಹಾಕಿಕೊಳ್ಳಬೇಕು.

ಈ ವಿದ್ಯೆ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಮೈಸೂರು ಸಂಸ್ಥಾನವು ೧೮೯೪ರಲ್ಲಿಯೇ ಭೂಗರ್ಭಶಾಸ್ತ್ರ ಇಲಾಖೆಯನ್ನು ತೆರೆದು, ರಾಬರ್ಟ್ ಬ್ರೂಸ್ ಫೂಟ್ ಅವರನ್ನು ಅದರ ಮುಖ್ಯರನ್ನಾಗಿ ನೇಮಿಸಿತು. ೧೮೬೩ರಲ್ಲಿ ಮದರಾಸಿನ ಹತ್ತಿರ ಪಲ್ಲಾವರದಲ್ಲಿ ಆದಿಮಾನವನ ಕಲ್ಲಿನ ಆಯುಧವನ್ನು ಕಂಡುಹಿಡಿದ ಮಹನೀಯರು ಅವರೇ. ಅದೇ ಇಲಾಖೆಯಲ್ಲಿ ದುಡಿದು ಮುಂದೆ ಅದರ ನಿರ್ದೇಶಕರಾದ ಬಿ. ಪಿ. ರಾಧಾಕೃಷ್ಣ ಅವರು ೧೯೫೮ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘವನ್ನು ಕಟ್ಟಿದವರಲ್ಲಿ ಪ್ರಮುಖರು. ೨೦೧೨ರಲ್ಲಿ ತೀರಿಕೊಳ್ಳುವವರೆಗೂ ಅವರ ಲೇಖನಿಗೆ ಬಿಡುವಿರಲಿಲ್ಲ.

ಕೋಲಾರದ ಚಿನ್ನದ ಗಣಿಯ ಮಾತನ್ನೂ ಬಿಡಲಾಗದು. ನೆಲದಿಂದ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಆ ಗಣಿಯು ೨೦೦೧ರಲ್ಲಿ ಮುಚ್ಚಿಹೋಯಿತು. ನೆರೆಮನೆಯವರು ಇದನ್ನೇ ಎತ್ತಿ ಹೇಳಿ, “ಗಣಿಯನ್ನು ನಂಬಿದ ಊರು ಏನಾಯಿತು ನೋಡಿ” ಎಂದರು. ನಾವು ಅಲ್ಲಗಳೆಯಲಿಲ್ಲ. ಗಣಿಯ ಅದಿರು ಹೊಲದ ಬೆಳೆಯಂತೆ ಮತ್ತೆ ಮೊಳೆಯುವುದಿಲ್ಲ. ಗಣಿಯ ಉದ್ಯೋಗವು ಲೋಹದ ಬೆಲೆಯೊಡನೆ ಏರಿ ಇಳಿಯುವುದು. ಆದರೆ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುತ್ತಿರುವರು, ಸಂಡೂರಿನ ಸೀಮೆಯಲ್ಲಿ ಕಬ್ಬಿಣದ ಅದಿರಿನ ಕೆಲಸ ನಡೆದಿದೆ. ಮಂಡ್ಯ ಜಿಲ್ಲೆಯ ಮರಳಗಾಲದಲ್ಲಿ ವಿದ್ಯುತ್ ಕೋಶಗಳಿಗೆ ಬೇಕಾದ ಲಿಥಿಯಂ ಎಂಬ ಲೋಹವಿರುವುದೆಂದು ಗೊತ್ತಾದಾಗ, ೨೦೨೦ರಲ್ಲಿ ೧೪,೦೦೦ ಟನ್ನಿಗೂ ಹೆಚ್ಚೆಂಬ ಸುದ್ದಿ ಎಲ್ಲೆಡೆ ಹಬ್ಬಿತು. ಪರಮಾಣು ಖನಿಜಗಳ ನಿರ್ದೇಶನಾಲಯದವರು ನೆಲವನ್ನು ಪರೀಕ್ಷಿಸಿದ ಮೇಲೆ ೨೦೨೧ರಲ್ಲಿ ಹೊರಬಿದ್ದ ಅಂಕಿ ೧,೬೦೦ ಟನ್ ಮಾತ್ರ. ಸುದ್ದಿಯನ್ನು ಲೆಕ್ಕಕ್ಕೆ ಇಳಿಸುವ ಈ ಕೆಲಸಕ್ಕಾಗಿಯೇ ಇವರಿಗೆ ಸಂಬಳ.

ಸರಕಾರದ ಕೆಲಸಗಳಲ್ಲಿ ಮೊದಲನೆಯದು ೧೮೫೧ರಲ್ಲಿ ಸ್ಥಾಪಿತವಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ. ಅದಕ್ಕೂ ಕೇಂದ್ರ ಅಂತರ್ಜಲ ಮಂಡಲಿಗೂ ಕೇಂದ್ರ ಲೋಕಸೇವಾ ಆಯೋಗವೇ ಪರೀಕ್ಷೆ ನಡೆಸುವುದು: ಮೊದಲು ಪೂರ್ವಭಾವಿ, ಆ ಮೇಲೆ ಮುಖ್ಯ ಪರೀಕ್ಷೆ, ಕೊನೆಗೆ ಸಂದರ್ಶನ. ಎಂ.ಎಸ್‌ಸಿ. ಆಗಿರಬೇಕು. ಹುದ್ದೆಗಳ ಸಂಖ್ಯೆ ಒಂದು ವರ್ಷ ಇನ್ನೂರನ್ನು ದಾಟಿದರೆ ಮತ್ತೊಂದು ವರ್ಷ ನೂರಕ್ಕೂ ಏರದು. ಆದುದರಿಂದ ಒಂದೇ ಪರೀಕ್ಷೆಯನ್ನು ನೆಚ್ಚಿ ಕುಳಿತಿರಲಾಗದು. ೧೯೫೬ರಲ್ಲಿ ಆರಂಭವಾದ ತೈಲ ಮತ್ತು ನೈಸರ್ಗಿಕ ಅನಿಲ ನಿಗಮ, ಕಲ್ಲಿದ್ದಲಿನ ಕಂಪನಿಗಳು, ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ ಇವೂ ಇವೆ. ಅಣೆಕಟ್ಟು ಕಟ್ಟುವವರಿಗೂ ಸುರಂಗ ಕೊರೆಯುವವರಿಗೂ ತಳದ ಕಲ್ಲು ಎಂತಹುದೆಂದು ಹೇಳುವವರು ಬೇಕು. ೨೦೧೮ರಲ್ಲಿ ಕೊಡಗಿನಲ್ಲಿಯೂ ೨೦೨೪ರಲ್ಲಿ ವಯನಾಡಿನಲ್ಲಿಯೂ ಬೆಟ್ಟ ಜರಿದು ಮನೆಮಠಗಳು ಮಣ್ಣಾದುದನ್ನು ಕಂಡ ಮೇಲೆ, ಯಾವ ಇಳಿಜಾರು ನಂಬತಕ್ಕದ್ದು ಯಾವುದು ಅಲ್ಲವೆಂದು ನಕಾಶೆ ಬರೆಯುವವರ ಅಗತ್ಯವನ್ನು ನಾವು ವಿವರಿಸಬೇಕಾಗಿಲ್ಲ.

ಆದರೆ ನಮ್ಮ ನಾಡಿನ ಮಟ್ಟಿಗೆ ಹೇಳುವುದಾದರೆ, ನೀರಿನ ಕೆಲಸವೇ ಎಲ್ಲಕ್ಕಿಂತ ದೊಡ್ಡದು. ಕೋಲಾರ, ಚಿಕ್ಕಬಳ್ಳಾಪುರಗಳ ನೆಲವು ಗಟ್ಟಿಕಲ್ಲಿನದು. ಕಲ್ಲಿನ ಒಡಲಿನಲ್ಲಿ ನೀರು ನಿಲ್ಲದು. ಮೇಲೆ ಶಿಥಿಲವಾಗಿ ಪುಡಿಯಾದ ಪದರದಲ್ಲಿಯೂ, ಅದರ ಕೆಳಗಿನ ಬಿರುಕುಗಳಲ್ಲಿಯೂ ಮಾತ್ರ ನಿಲ್ಲುವುದು. ಒಂದು ಬಾವಿಯಲ್ಲಿ ನೀರು ಚಿಮ್ಮಿ, ಅದರಿಂದ ಐವತ್ತು ಅಡಿ ದೂರದ ಬಾವಿ ಒಣಗಿರುವುದಕ್ಕೆ ಇದೇ ಕಾರಣ, ಗ್ರಹಚಾರವಲ್ಲ. ಭೂವಿಜ್ಞಾನಿಯು ಉಪಗ್ರಹದ ಚಿತ್ರದಲ್ಲಿ ಬಿರುಕುಗಳ ಜಾಡನ್ನು ಹಿಡಿದು, ಹೊಲಕ್ಕೆ ಬಂದು, ನೆಲದಲ್ಲಿ ಲೋಹದ ಗೂಟಗಳನ್ನು ನೆಟ್ಟು ವಿದ್ಯುತ್ತನ್ನು ಹಾಯಿಸುವನು. ಗಟ್ಟಿಕಲ್ಲು ವಿದ್ಯುತ್ತನ್ನು ಬಲವಾಗಿ ತಡೆಯುವುದು, ನೀರು ತುಂಬಿದ ಪದರವು ಅಷ್ಟಾಗಿ ತಡೆಯದು. ಈ ತಡೆಯನ್ನು ಅಳೆದು ಒಳಗಿನ ಸ್ಥಿತಿಯನ್ನು ಊಹಿಸುವನು. ಊಹೆ ತಪ್ಪುವುದೂ ಉಂಟು. ಆದರೆ ಅದು ಕಾರಣವುಳ್ಳ ಊಹೆ. ಎಷ್ಟೋ ವೇಳೆ ಅವನು “ಇಲ್ಲಿ ಕೊರೆಯಬೇಡಿ” ಎಂದಷ್ಟೇ ಹೇಳಿ ಹೋಗುವುದುಂಟು. ಸಾಲಕ್ಕೆ ಕೈಯೊಡ್ಡಲಿರುವ ರೈತನಿಗೆ ಆ ಒಂದು ಮಾತು ಲಕ್ಷ ರೂಪಾಯಿಗೆ ಸಮ. ಸಾವಿರ ಅಡಿಗೂ ಮಿಕ್ಕಿದ ಆಳದಿಂದ ತೆಗೆದ ನೀರನ್ನು ಕುಡಿಯಬಹುದೇ, ಅದರಲ್ಲಿ ಹಲ್ಲು ಮೂಳೆಗಳನ್ನು ಕೆಡಿಸುವ ಫ್ಲೋರೈಡ್ ಎಷ್ಟಿದೆ ಎಂಬುದನ್ನು ಪರಿಶೀಲಿಸುವುದೂ ಈ ವರ್ಗದವರ ಕೆಲಸವೇ.

ನೆರೆಮನೆಯ ತಾಯಿಯವರ ಚಿಂತೆ ಬೇರೆಯಾಗಿತ್ತು. ಹೆಣ್ಣುಮಗಳು ಕಾಡುಮೇಡು ಅಲೆಯುವುದು ಹೇಗೆ? ಕಷ್ಟವಿಲ್ಲವೆಂದು ನಾವು ಹೇಳಲಾರೆವು. ಬಿಡಾರದ ವಾಸ, ದೂರದ ವರ್ಗಾವಣೆ, ಶೌಚಕ್ಕೂ ಮರೆಯಿಲ್ಲದ ಬಯಲು, ಇವೆಲ್ಲ ಇರತಕ್ಕವೇ. ೧೯೫೨ರ ಗಣಿ ಕಾಯಿದೆಯು ಸ್ತ್ರೀಯರನ್ನು ಗಣಿಯೊಳಗಿನ ಕೆಲಸಕ್ಕೆ ಇಳಿಯಗೊಡುತ್ತಿರಲಿಲ್ಲ; ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಗಳಿಗೆ, ಅದೂ ಹಗಲಿನಲ್ಲಿ, ಅನುಮತಿ ದೊರೆತುದು ೨೦೧೯ರಲ್ಲಿ. ಆದರೂ ೧೯೮೩ರಷ್ಟು ಹಿಂದೆಯೇ ಸುದೀಪ್ತಾ ಸೇನ್‌ಗುಪ್ತಾ ಎಂಬ ಭೂವಿಜ್ಞಾನಿಯು, ಸಮುದ್ರವಿಜ್ಞಾನಿ ಅದಿತಿ ಪಂತರೊಡನೆ, ಹಿಮಮಯವಾದ ಅಂಟಾರ್ಕ್ಟಿಕಾ ಖಂಡಕ್ಕೆ ಹೊರಟ ತಂಡದಲ್ಲಿದ್ದರು. ಅಲ್ಲಿ ಕಾಲಿಟ್ಟ ಮೊದಮೊದಲ ಭಾರತೀಯ ಮಹಿಳೆಯರಲ್ಲಿ ಇವರಿಬ್ಬರೂ ಸೇರಿರುವರು. ಈ ಸಂಗತಿಯನ್ನು ಕೇಳಿ ತಾಯಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಷ್ಟು ಚಳಿಯಲ್ಲಿ ಊಟಕ್ಕೇನು ಮಾಡಿದರೋ” ಎಂದರು.

ಕಳೆದ ಭಾನುವಾರ ಅವರೆಲ್ಲರೂ ಲಾಲ್‌ಬಾಗಿಗೆ ಹೋಗಿದ್ದರಂತೆ. ಬಂಡೆಯ ಪಟ್ಟೆಗಳನ್ನು ಮಗಳು ತೋರಿಸುತ್ತಿರುವಾಗ ತಂದೆ, “ಹಾಗಾದರೆ ನಮ್ಮ ಹೊಲದಲ್ಲಿ ನಾಲ್ಕನೆಯ ಬಾವಿಯನ್ನು ಎಲ್ಲಿ ಕೊರೆಯಿಸೋಣ, ಹೇಳಮ್ಮ?” ಎಂದು ಕೇಳಿದರು. ಅವಳು, “ಕೊರೆಯಿಸಬೇಕೋ ಬೇಡವೋ ಎಂಬುದನ್ನೇ ಮೊದಲು ನೋಡಬೇಕಪ್ಪ” ಎಂದಳಂತೆ. ನಿನ್ನೆ ಅವರು ಪುನಃ ನಮ್ಮಲ್ಲಿಗೆ ಬಂದಿದ್ದರು. ಅರ್ಜಿಗೆ ಸಹಿ ಹಾಕಿದುದಾಯಿತೆಂದು ತಿಳಿಸಿ, ಕಲ್ಲು ಪರೀಕ್ಷಿಸುವವರು ಹಿಡಿಯುವ ಸುತ್ತಿಗೆ ಯಾವ ಅಂಗಡಿಯಲ್ಲಿ ದೊರೆಯುವುದೆಂದು ಕೇಳಿದರು.